ಎಕ್ಸೆಲ್ ಕಣ್ಣೆದುರೇ ತೆರೆದಿದೆ, ಸ್ಕ್ರಿಪ್ಟ್ ಬರೆದದ್ದು ಎಲ್ಲಿ ಹೋಯಿತು? – ಒಂದು ಪ್ರಕರಣ

ಹಿನ್ನೆಲೆ

ಇದು ಮಧ್ಯಮ ಗಾತ್ರದ ಒಂದು ಸಂಸ್ಥೆಯ ದಾಸ್ತಾನು ವಿಭಾಗದಲ್ಲಿ ನಡೆದದ್ದು. ಸಂಸ್ಥೆ ಯಾವುದು, ಅಲ್ಲಿದ್ದವರು ಯಾರು ಅಂತ ಇಲ್ಲಿ ಹೇಳುವುದಿಲ್ಲ. ವಿಭಾಗ ನೋಡಿಕೊಳ್ಳುವವರನ್ನು ‘ಮೇಡಂ’ ಅನ್ನೋಣ, ಸ್ಕ್ರಿಪ್ಟ್ ಬರೆದವನನ್ನು ‘ಹುಡುಗ’ ಅನ್ನೋಣ. ನಾನು ಹೊರಗಿನವನು. ತೊಂದರೆ ಬೆಳೆದು ಎಲ್ಲರೂ ಬೇಸತ್ತ ಮೇಲೆ ನೋಡಲು ಹೋದವನು.

ಮೇಡಂ ಬೆಳಿಗ್ಗೆ ಬಂದ ತಕ್ಷಣ ಒಂದು ದೊಡ್ಡ ಎಕ್ಸೆಲ್ ಫೈಲ್ ತೆರೆಯುತ್ತಾರೆ. ಸಂಜೆಯವರೆಗೂ ಅದು ತೆರೆದೇ ಇರುತ್ತದೆ. ಅದರಲ್ಲಿ ಒಂದು ಶೀಟ್‌ನಲ್ಲಿ ಐಟಂ ಕೋಡ್, ಉಳಿದಿರುವ ಸ್ಟಾಕ್, ಈಗಿನ ದರ ಇರುತ್ತವೆ. ಪಕ್ಕದ ಕಾಲಂಗಳಲ್ಲಿ ಮೇಡಂ ತಮ್ಮ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಮೊದಲು ಸ್ಟಾಕ್ ಸಂಖ್ಯೆಗಳನ್ನು ಬೇರೆ ಸಾಫ್ಟ್‌ವೇರ್‌ನಿಂದ ಕಾಪಿ ಮಾಡಿ ತಂದು ಹಾಕುತ್ತಿದ್ದರು. ಆ ಕೆಲಸ ತಪ್ಪಿಸಲು ಹುಡುಗ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದ. ಅದು ದಿನವಿಡೀ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಕಾಲು ಗಂಟೆಗೊಮ್ಮೆ ಡೇಟಾಬೇಸ್‌ನಿಂದ ಸಂಖ್ಯೆ ತೆಗೆದು, ತೆರೆದಿರುವ ಎಕ್ಸೆಲ್‌ಗೆ ಸೇರಿಕೊಂಡು, ಆ ಶೀಟ್‌ನಲ್ಲಿ ತುಂಬುತ್ತದೆ. ಸೇವ್ ಮಾಡುವುದಿಲ್ಲ. ಸೇವ್ ಮಾಡುವುದು ಮೇಡಂ ಕೆಲಸ ಅಂತ ಮೊದಲೇ ಮಾತಾಗಿತ್ತು. ಆ ನಿರ್ಧಾರ ಸರಿಯಾದದ್ದೇ. ಆದರೆ ಮುಂದೆ ತಪ್ಪು ಬಚ್ಚಿಟ್ಟುಕೊಳ್ಳಲು ಅದೇ ಜಾಗ ಮಾಡಿಕೊಟ್ಟಿತು.

ವಿಂಡೋಸ್‌ನಲ್ಲಿ ಇದೆಲ್ಲ ನಡೆಯುವುದು ಕಾಮ್ ಎಂಬ ಹಳೆಯ ವ್ಯವಸ್ಥೆಯ ಮೇಲೆ. ಓಡುತ್ತಿರುವ ಪ್ರೋಗ್ರಾಂಗಳು ‘ನಾನಿಲ್ಲಿದ್ದೇನೆ’ ಅಂತ ಒಂದು ಪಟ್ಟಿಯಲ್ಲಿ ಹೆಸರು ಬರೆಸುತ್ತವೆ. ಅದಕ್ಕೆ ರನ್ನಿಂಗ್ ಆಬ್ಜೆಕ್ಟ್ ಟೇಬಲ್ ಅನ್ನುತ್ತಾರೆ. ಬೇರೆ ಸ್ಕ್ರಿಪ್ಟ್ ಬಂದು ಆ ಪಟ್ಟಿ ನೋಡಿ, ಎಕ್ಸೆಲ್ ಸಿಕ್ಕರೆ ಅದರ ಜೊತೆ ಮಾತಾಡುತ್ತದೆ. ಈ ಪ್ರಕರಣ ಪೂರ್ತಿ ಸುತ್ತುವುದು ಆ ಪಟ್ಟಿಯ ಸುತ್ತಲೇ.

ತೊಂದರೆ

ಹುಡುಗನ ಕಂಪ್ಯೂಟರ್‌ನಲ್ಲಿ ಸ್ಕ್ರಿಪ್ಟ್ ಚೆನ್ನಾಗಿ ಓಡುತ್ತಿತ್ತು. ಮೇಡಂ ಕಂಪ್ಯೂಟರ್‌ನಲ್ಲೂ ಮೊದಮೊದಲು ಸರಿ ಇತ್ತು. ಆಮೇಲೆ ಶುರುವಾಯಿತು. ಸ್ಕ್ರಿಪ್ಟ್ ತಾನು ಏನು ಮಾಡಿದೆ ಅಂತ ಬರೆದಿಡುವ ಲಾಗ್ ಫೈಲ್‌ನಲ್ಲಿ ‘ಯಶಸ್ವಿ’ ಅಂತ ಇರುತ್ತದೆ, ಶೀಟ್ ನೋಡಿದರೆ ಬೆಳಗಿನ ಸಂಖ್ಯೆಗಳೇ ಇರುತ್ತವೆ. ದೋಷ ಸಂದೇಶ ಒಂದೂ ಇಲ್ಲ.

ಇದು ಕೆಟ್ಟ ಬಗೆಯ ತೊಂದರೆ. ಸ್ಕ್ರಿಪ್ಟ್ ಕೆಟ್ಟು ನಿಂತರೆ ಗೊತ್ತಾಗುತ್ತದೆ, ಯಾರಾದರೂ ಕರೆಯುತ್ತಾರೆ. ‘ಬರೆದೆ’ ಅಂತ ಹೇಳಿ ಬರೆಯದೇ ಇದ್ದರೆ ಹಳೆಯ ಸ್ಟಾಕ್ ನಂಬಿಕೊಂಡು ಆರ್ಡರ್ ಹೋಗುತ್ತದೆ. ಒಂದೆರಡು ಹೋಗಿಯೂ ಇದ್ದವು.

ಇದರ ಜೊತೆಗೆ ಇನ್ನೊಂದು ವಿಚಿತ್ರ. ಕೆಲವು ಬೆಳಿಗ್ಗೆ ಮೇಡಂ ಫೈಲ್ ತೆರೆಯಲು ಹೋದರೆ, ಫೈಲ್ ಬೇರೆಯವರ ಬಳಕೆಯಲ್ಲಿದೆ, ಓದಲು ಮಾತ್ರ ತೆರೆಯಬಹುದು ಅಂತ ಎಕ್ಸೆಲ್ ಹೇಳುತ್ತಿತ್ತು. ಯಾರ ಬಳಕೆಯಲ್ಲಿದೆ ಅಂತ ಅದರಲ್ಲೇ ಬರೆದಿರುತ್ತದೆ ಅಲ್ವಾ? ಅಲ್ಲಿದ್ದದ್ದು ಮೇಡಂ ಅವರದೇ ಹೆಸರು. ‘ನಾನೇ ತೆರೆದಿದ್ದೀನಿ ಅಂತ ನನಗೇ ಹೇಳುತ್ತೆ ಸರ್, ನಾನು ಈಗ ತಾನೇ ಬಂದು ಕೂತಿದ್ದೀನಿ’ ಅಂದರು. ಇದನ್ನು ಎಲ್ಲರೂ ಬೇರೆಯದೇ ತೊಂದರೆ ಅಂದುಕೊಂಡಿದ್ದರು. ಹಿಂದಿನ ದಿನ ಸರಿಯಾಗಿ ಮುಚ್ಚಿಲ್ಲ, ನೆಟ್‌ವರ್ಕ್ ಸಮಸ್ಯೆ, ಹೀಗೆ. ನನಗೆ ಮಾತ್ರ ಆ ಮಾತು ಕೇಳಿದಾಗಲೇ ಅನುಮಾನ ಬಂತು. ಆ ಹೆಸರಿನಲ್ಲಿ ಇನ್ನೊಂದು ಎಕ್ಸೆಲ್ ಎಲ್ಲೋ ಓಡುತ್ತಿದೆ.

ಮೊದಲು ಮಾಡಿ ನೋಡಿದ್ದು

ನಾನು ಹೋಗುವ ಮುಂಚೆಯೇ ಬೇಕಾದಷ್ಟು ಪ್ರಯೋಗ ಆಗಿತ್ತು.

ಮೊದಲನೆಯದು, ಆಫೀಸ್ ಅನ್ನೇ ತೆಗೆದು ಮತ್ತೆ ಹಾಕಿದ್ದು. ಪೈಥಾನ್ 64 ಬಿಟ್, ಆಫೀಸ್ 32 ಬಿಟ್, ಅದಕ್ಕೇ ಹೊಂದುತ್ತಿಲ್ಲ ಅಂತ ಯಾರೋ ಹೇಳಿದ್ದರು. ಇದು ಇಲ್ಲಿ ಕಾರಣವೇ ಅಲ್ಲ. ಎಕ್ಸೆಲ್ ತನ್ನದೇ ಪ್ರತ್ಯೇಕ ಪ್ರೋಸೆಸ್ (ಓಡುತ್ತಿರುವ ಒಂದು ಪ್ರೋಗ್ರಾಂ) ಆಗಿ ಓಡುತ್ತದೆ, ಸ್ಕ್ರಿಪ್ಟ್ ಅದನ್ನು ಹೊರಗಿನಿಂದ ಕರೆಯುತ್ತದೆ. ಒಂದೇ ಪ್ರೋಸೆಸ್ ಒಳಗೆ ಲೋಡ್ ಆಗುವ ಲೈಬ್ರರಿಗಳಲ್ಲಿ ಬಿಟ್ ವ್ಯತ್ಯಾಸ ಅಡ್ಡ ಬರುತ್ತದೆ, ಇಲ್ಲಿ ಬರುವುದಿಲ್ಲ. ಅರ್ಧ ದಿನ ಸುಮ್ನೆ ಹೋಯಿತು.

ಎರಡನೆಯದು, ಎಕ್ಸೆಲ್ ಬಿಟ್ಟು ಫೈಲ್‌ಗೇ ನೇರವಾಗಿ ಬರೆಯುವುದು. ಓಪನ್‌ಪೈಎಕ್ಸ್ಎಲ್ ಅಂತ ಪೈಥಾನ್ ಲೈಬ್ರರಿ ಇದೆ, ಎಕ್ಸೆಲ್ ಇಲ್ಲದೆಯೂ ಫೈಲ್ ಓದಿ ಬರೆಯುತ್ತದೆ. ಆದರೆ ಅದು ನೋಡುವುದು ಡಿಸ್ಕ್‌ನಲ್ಲಿರುವ ಫೈಲನ್ನು. ಮೇಡಂ ಪರದೆಯ ಮೇಲೆ ಇರುವುದು ಮೆಮೊರಿಯಲ್ಲಿರುವ, ಇನ್ನೂ ಸೇವ್ ಆಗದ ರೂಪ. ಓದಿದರೆ ಹಿಂದಿನ ಸೇವ್‌ನ ಸಂಖ್ಯೆ ಬರುತ್ತದೆ. ಬರೆಯಲು ಹೋದರೆ ಎಕ್ಸೆಲ್ ಫೈಲ್ ಹಿಡಿದುಕೊಂಡಿರುವುದರಿಂದ ಅನುಮತಿ ಇಲ್ಲ ಅನ್ನುತ್ತದೆ.

ಮೂರನೆಯದು ಸ್ವಲ್ಪ ಅಪಾಯದ್ದು. ಒಂದು ಬ್ಯಾಚ್ ಫೈಲ್ ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದರು. ಡಬಲ್ ಕ್ಲಿಕ್ ಮಾಡಿದರೆ ಓಡುತ್ತಿರುವ ಎಲ್ಲ ಎಕ್ಸೆಲ್ ಸತ್ತುಹೋಗುತ್ತದೆ, ಆಮೇಲೆ ಹೊಸದಾಗಿ ಶುರು ಮಾಡಬಹುದು. ಇದು ನಿಜಕ್ಕೂ ಕೆಲಸ ಮಾಡುತ್ತಿತ್ತು. ಕೆಲಸ ಮಾಡಿದ್ದರಿಂದಲೇ ಉಳಿದುಕೊಂಡಿತ್ತು. ಒಂದು ಮಧ್ಯಾಹ್ನ ಸೇವ್ ಮಾಡದ ಟಿಪ್ಪಣಿಗಳ ಸಮೇತ ಎಕ್ಸೆಲ್ ಹೋಯಿತು. ಮೇಡಂ ಆ ಬ್ಯಾಚ್ ಫೈಲನ್ನು ತಾವೇ ಡಿಲೀಟ್ ಮಾಡಿ, ‘ಇದಕ್ಕಿಂತ ಕೈಯಲ್ಲೇ ಕಾಪಿ ಮಾಡೋದು ವಾಸಿ ಕಣೋ’ ಅಂತ ಹುಡುಗನಿಗೆ ಹೇಳಿದರು. ನನ್ನನ್ನು ಕರೆದದ್ದು ಅದರ ಮಾರನೇ ದಿನ.

ಇನ್ನೊಂದು ದಾರಿ ತಪ್ಪಿಸಿದ ಪರೀಕ್ಷೆಯೂ ಇತ್ತು. ಎಕ್ಸೆಲ್ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ನೋಡಲು ಕಂಪ್ಯೂಟರ್ ವಿಭಾಗದವರು ವಿಂಡೋಸ್‌ಗೆ ಆದೇಶ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಒಂದು ಸಾಲು ಓಡಿಸಿದ್ದರು. ಪಟ್ಟಿಯಿಂದ ಓಡುತ್ತಿರುವ ಪ್ರೋಗ್ರಾಂ ಹುಡುಕಿಕೊಡುವ ಗೆಟ್‌ಆಕ್ಟಿವ್‌ಆಬ್ಜೆಕ್ಟ್ ಎಂಬ ಮೆಥಡ್ಡೇ ಇಲ್ಲ ಅಂತ ಬಂತು. ‘ನೋಡಿ, ಕಾಮ್ ಕೆಟ್ಟುಹೋಗಿದೆ’ ಅಂತ ತೀರ್ಮಾನವಾಯಿತು. ಕೆಟ್ಟಿರಲಿಲ್ಲ. ಅವರು ಓಡಿಸಿದ್ದು ಪವರ್‌ಶೆಲ್ 7. ಅದರ ಕೆಳಗಿರುವ ಹೊಸ ಡಾಟ್‌ನೆಟ್‌ನಲ್ಲಿ ಆ ಮೆಥಡ್ ಇಲ್ಲ. ವಿಂಡೋಸ್ ಜೊತೆಯಲ್ಲೇ ಬರುವ 5.1ರಲ್ಲಿ ಅದೇ ಸಾಲು ಓಡುತ್ತದೆ.

ಕೋಡ್ ಮುಟ್ಟದೆ ಮೂರು ಸಾಲು ಪ್ರಿಂಟ್

ನಾವು ತೆಗೆದುಕೊಂಡ ಮೊದಲ ನಿರ್ಧಾರ ಇದು: ಸದ್ಯಕ್ಕೆ ಏನನ್ನೂ ಸರಿ ಮಾಡಬಾರದು. ಸ್ಕ್ರಿಪ್ಟ್ ಯಾರ ಜೊತೆ ಮಾತಾಡುತ್ತಿದೆ ಅನ್ನುವುದನ್ನು ಮಾತ್ರ ಲಾಗ್‌ಗೆ ಹಾಕಬೇಕು. ಕನೆಕ್ಟ್ ಆದ ತಕ್ಷಣ, ಬರೆಯುವ ಮೊದಲು, ಮೂರು ವಿಷಯ. ಆ ಎಕ್ಸೆಲ್‌ನ ಪ್ರೋಸೆಸ್ ನಂಬರ್. ಅದು ಪರದೆಯ ಮೇಲೆ ಕಾಣುತ್ತಿದೆಯೇ ಇಲ್ಲವೇ. ಫೈಲ್ ಓದಲು ಮಾತ್ರ ತೆರೆದಿದೆಯೇ.

ಪ್ರೋಸೆಸ್ ನಂಬರ್ ಎಕ್ಸೆಲ್‌ನಿಂದ ನೇರವಾಗಿ ಸಿಗುವುದಿಲ್ಲ. ಎಕ್ಸೆಲ್ ತನ್ನ ಕಿಟಕಿಯ ಹ್ಯಾಂಡಲ್ (ಗುರುತಿನ ಸಂಖ್ಯೆ) ಕೊಡುತ್ತದೆ, ಆ ಹ್ಯಾಂಡಲ್ ಯಾವ ಪ್ರೋಸೆಸ್‌ನದು ಅಂತ ವಿಂಡೋಸ್‌ನ ಕೇಳಬೇಕು. ಎರಡು ಸಾಲಿನ ಕೆಲಸ.

ಮುಂದಿನ ಸುತ್ತಿನಲ್ಲೇ ಲಾಗ್‌ನಲ್ಲಿ ಬಂತು: ಕಾಣುವುದು – ಇಲ್ಲ. ಓದಲು ಮಾತ್ರ – ಹೌದು. ಪ್ರೋಸೆಸ್ ನಂಬರ್, ಮೇಡಂ ಮುಂದೆ ತೆರೆದಿದ್ದ ಎಕ್ಸೆಲ್‌ನದಲ್ಲ.

ಅಲ್ಲಿಗೆ ಅರ್ಧ ಕಥೆ ಬಿಚ್ಚಿಕೊಂಡಿತು. ಸ್ಕ್ರಿಪ್ಟ್ ಮೇಡಂ ಎಕ್ಸೆಲ್‌ಗೆ ಸೇರಿಯೇ ಇರಲಿಲ್ಲ. ಯಾರಿಗೂ ಕಾಣದ ಎರಡನೇ ಎಕ್ಸೆಲ್ ಒಂದನ್ನು ಎಬ್ಬಿಸಿ, ಅದೇ ಫೈಲನ್ನು ಅಲ್ಲಿ ಇನ್ನೊಮ್ಮೆ ತೆರೆದು, ಅದಕ್ಕೆ ಬರೆಯುತ್ತಿತ್ತು. ಮೇಡಂ ಮೊದಲೇ ಫೈಲ್ ತೆರೆದಿದ್ದರೆ ಅಲ್ಲಿ ಓದಲು ಮಾತ್ರ ತೆರೆಯುತ್ತದೆ. ಎಚ್ಚರಿಕೆ ಡಬ್ಬಿಗಳನ್ನು ಸ್ಕ್ರಿಪ್ಟ್ ಆಫ್ ಮಾಡಿದ್ದರಿಂದ ಯಾರೂ ಕೇಳುವವರಿಲ್ಲ. ಬರೆಯುವುದೂ ಆಗುತ್ತದೆ, ಏಕೆಂದರೆ ಮೆಮೊರಿಯಲ್ಲಿ ಬರೆಯಲು ಅಡ್ಡಿ ಇಲ್ಲ. ಸೇವ್ ಮಾಡುವ ಸಾಲೇ ಇಲ್ಲವಲ್ಲ, ಹಾಗಾಗಿ ದೋಷವೂ ಬರುವುದಿಲ್ಲ. ‘ಯಶಸ್ವಿ’.

ಬೆಳಗಿನ ವಿಚಿತ್ರವೂ ಇದೇ. ಕಂಪ್ಯೂಟರ್ ಆನ್ ಆದ ಕೂಡಲೇ ಸ್ಕ್ರಿಪ್ಟ್ ಓಡಿದರೆ ಕಾಣದ ಎಕ್ಸೆಲ್ ಮೊದಲು ಫೈಲ್ ಹಿಡಿಯುತ್ತದೆ. ಅದು ಓಡುವುದು ಮೇಡಂ ಲಾಗಿನ್‌ನಲ್ಲೇ. ಆಮೇಲೆ ಮೇಡಂ ತೆರೆಯಲು ಹೋದರೆ ಅವರದೇ ಹೆಸರಿನಲ್ಲಿ ಫೈಲ್ ಲಾಕ್.

ಟಾಸ್ಕ್ ಮ್ಯಾನೇಜರ್ ನೋಡಿದ್ದರೆ ಇದು ಮೊದಲೇ ಸಿಗುತ್ತಿತ್ತು ಅಂತ ಅನಿಸಬಹುದು. ನೋಡಿದ್ದರು ಕೂಡ. ಎಕ್ಸೆಲ್ ಎರಡಿದೆ ಅಂತ ಕಂಡಿತ್ತು, ಆದರೆ ‘ಎರಡು ಫೈಲ್ ತೆರೆದಿದ್ದಾರೆ, ಅದಕ್ಕೆ ಎರಡು’ ಅಂದುಕೊಂಡಿದ್ದರು. ಎಕ್ಸೆಲ್ 2013ರಿಂದ ಈಚೆಗೆ ಒಂದೊಂದು ವರ್ಕ್‌ಬುಕ್‌ಗೂ ಒಂದೊಂದು ಕಿಟಕಿ ಬರುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅವೆಲ್ಲ ಒಂದೇ ಪ್ರೋಸೆಸ್ ಒಳಗೆ. ಕಿಟಕಿ ಎಣಿಸಿ ಪ್ರೋಸೆಸ್ ಎಷ್ಟು ಅಂತ ಹೇಳಲು ಬರುವುದಿಲ್ಲ.

ಹೊಸ ಎಕ್ಸೆಲ್ ಹುಟ್ಟಿದ್ದು ಏಕೆ

ಕೋಡ್‌ನಲ್ಲಿ ಹೊಸ ಎಕ್ಸೆಲ್ ತೆರೆಯಿರಿ ಅಂತ ಎಲ್ಲೂ ಇರಲಿಲ್ಲ. ಹುಡುಗ ಬಳಸಿದ್ದು ಡಿಸ್ಪ್ಯಾಚ್ ಎಂಬ ಫಂಕ್ಷನ್. ಪೈಥಾನ್‌ನಿಂದ ಕಾಮ್ ಬಳಸಲು ಇರುವ ಪೈವಿನ್32 ಲೈಬ್ರರಿಯಲ್ಲಿ ಹೆಸರು ಕೊಟ್ಟು ಅದನ್ನು ಕರೆದರೆ, ಮೊದಲು ಪಟ್ಟಿಯಲ್ಲಿ ಓಡುತ್ತಿರುವ ಎಕ್ಸೆಲ್ ಹುಡುಕುತ್ತದೆ. ಸಿಕ್ಕರೆ ಅದಕ್ಕೆ ಸೇರುತ್ತದೆ. ಸಿಗದಿದ್ದರೆ ಸದ್ದಿಲ್ಲದೆ ಹೊಸದನ್ನು ಶುರು ಮಾಡುತ್ತದೆ. ಅವನ ಕಂಪ್ಯೂಟರ್‌ನಲ್ಲಿ ಯಾವಾಗಲೂ ಸಿಗುತ್ತಿತ್ತು, ಹಾಗಾಗಿ ಎರಡನೇ ದಾರಿ ಅವನಿಗೆ ಗೊತ್ತೇ ಆಗಿರಲಿಲ್ಲ. ಅದರ ಮುಂದೆ ಇನ್ನೊಂದು ಸಾಲು: ವರ್ಕ್‌ಬುಕ್ ಹೆಸರು ಹುಡುಕು, ಇಲ್ಲದಿದ್ದರೆ ತೆರೆ. ಎರಡೂ ಒಳ್ಳೆ ಉದ್ದೇಶದ ಸಾಲುಗಳೇ. ಎರಡೂ ಸೇರಿದಾಗ, ಏನೇ ಕಾಣೆಯಾದರೂ ಸ್ಕ್ರಿಪ್ಟ್ ತಾನೇ ಹುಟ್ಟಿಸಿಕೊಂಡು ಮುಂದೆ ಹೋಗುತ್ತಿತ್ತು.

ಸರಿ, ಮೇಡಂ ಎಕ್ಸೆಲ್ ಪಟ್ಟಿಯಲ್ಲಿ ಏಕೆ ಕಾಣುತ್ತಿರಲಿಲ್ಲ? ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಕಾಲಂ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಇನ್ನಷ್ಟು ಕಾಲಂ ಸೇರಿಸಬಹುದು. ಅದರಲ್ಲಿ ಎಲಿವೇಟೆಡ್ ಅಂತ ಒಂದಿದೆ. ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುತ್ತಿದೆಯೋ ಇಲ್ಲವೋ ಹೇಳುತ್ತದೆ. ಅದನ್ನು ಹಾಕಿ ನೋಡಿದೆವು. ಮೇಡಂ ಎಕ್ಸೆಲ್ ಎದುರು ‘ಇಲ್ಲ’. ಪೈಥಾನ್ ಎದುರು ‘ಹೌದು’. ಕಾಣದ ಎಕ್ಸೆಲ್ ಎದುರೂ ‘ಹೌದು’.

ಒಂದೇ ಬಳಕೆದಾರ, ಒಂದೇ ಕಂಪ್ಯೂಟರ್. ಆದರೂ ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಪ್ರೋಗ್ರಾಂಗೆ, ಸಾಮಾನ್ಯವಾಗಿ ಓಡುವ ಎಕ್ಸೆಲ್ ಬರೆಸಿದ ಹೆಸರು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಇದು ಬಹಳ ಜನರನ್ನು ಸುಸ್ತು ಮಾಡಿದೆ, ಏಕೆಂದರೆ ಜಾಸ್ತಿ ಅಧಿಕಾರ ಇದ್ದರೆ ಜಾಸ್ತಿ ಕಾಣಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಅಂದ ಹಾಗೆ ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್‌ಗಳೂ ಹೀಗೆಯೇ. ಸಾಮಾನ್ಯವಾಗಿ ಓಡಿಸಿದಾಗ ಕಾಣುವ ಡ್ರೈವ್ ಅಕ್ಷರ, ಅಡ್ಮಿನ್ ಆಗಿ ಓಡಿಸಿದಾಗ ಮಾಯವಾಗಬಹುದು.

ಅಡ್ಮಿನ್ ಆಗಿ ಓಡಿಸಿದ್ದು ಏಕೆ? ಅದಕ್ಕೂ ಎಕ್ಸೆಲ್‌ಗೂ ಸಂಬಂಧವೇ ಇಲ್ಲ. ಸ್ಕ್ರಿಪ್ಟನ್ನು ಮೇಡಂ ಕಂಪ್ಯೂಟರ್‌ಗೆ ಹಾಕಿದವರು ನೀಟಾಗಿರಲಿ ಅಂತ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಇಟ್ಟಿದ್ದರು. ಸ್ಕ್ರಿಪ್ಟ್ ತನ್ನ ಲಾಗ್ ಫೈಲನ್ನು ತನ್ನ ಪಕ್ಕದಲ್ಲೇ ಬರೆಯುತ್ತದೆ. ಸಾಮಾನ್ಯ ಬಳಕೆದಾರರಿಗೆ ಆ ಫೋಲ್ಡರ್‌ನಲ್ಲಿ ಬರೆಯಲು ಅನುಮತಿ ಇಲ್ಲ. ಲಾಗ್ ಬರುತ್ತಿಲ್ಲ ಅಂತ ಯಾರೋ ಶಾರ್ಟ್‌ಕಟ್‌ನಲ್ಲಿ ‘ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು’ ಅನ್ನುವ ಟಿಕ್ ಹಾಕಿದರು. ಲಾಗ್ ಬಂತು. ಸಂಖ್ಯೆ ಹೋಯಿತು.

ಇಲ್ಲಿ ಇನ್ನೊಂದು ಸುಲಭದ ದಾರಿ ಇತ್ತು. ಎಕ್ಸೆಲ್ ಅನ್ನೂ ಅಡ್ಮಿನ್ ಆಗಿ ಓಡಿಸಿಬಿಡುವುದು. ಕಂಪ್ಯೂಟರ್ ವಿಭಾಗದಿಂದ ಆ ಸಲಹೆಯೂ ಬಂತು. ನಾನು ಬೇಡ ಅಂದೆ. ಇಮೇಲ್‌ನಲ್ಲಿ ಬಂದ ಫೈಲ್‌ಗಳನ್ನು ಇಡೀ ದಿನ ತೆರೆಯುವ ಪ್ರೋಗ್ರಾಂಗೆ ಅಷ್ಟು ಅಧಿಕಾರ ಕೊಡಬಾರದು, ಮ್ಯಾಕ್ರೋ ಒಂದು ಸಾಕು. ಬದಲಿಗೆ ಲಾಗ್ ಫೈಲನ್ನು ಬಳಕೆದಾರರ ಸ್ವಂತ ಫೋಲ್ಡರ್‌ಗೆ ಸರಿಸಿ, ಟಿಕ್ ತೆಗೆದೆವು. ಡಿಸ್ಪ್ಯಾಚ್ ಜಾಗದಲ್ಲಿ ಗೆಟ್‌ಆಕ್ಟಿವ್‌ಆಬ್ಜೆಕ್ಟ್ ಹಾಕಿದೆವು. ಅದು ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ದೋಷ ಕೊಡುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ. ‘ಇಲ್ಲದಿದ್ದರೆ ತೆರೆ’ ಸಾಲನ್ನು ಪೂರ್ತಿ ತೆಗೆದೆವು.

ನೋಡಲು ಹೋದರೆ ಸರಿ ಇರುವ ದೋಷ

ಈಗ ಕೊನೆಗೂ ದೋಷಗಳು ಬರತೊಡಗಿದವು. ಹುಡುಗನಿಗೆ ಬೇಜಾರು, ನನಗೆ ಸಮಾಧಾನ. ಬೆಳಿಗ್ಗೆ ಮೊದಲ ಸುತ್ತಿನಲ್ಲಿ ಆಗಾಗ -2147221021 ಬರುತ್ತಿತ್ತು. ಅರ್ಥ, ಕೇಳಿದ ವಸ್ತು ಪಟ್ಟಿಯಲ್ಲಿ ಇಲ್ಲ. ಆಫೀಸ್ ಒಳಗೇ ಬರುವ ಪ್ರೋಗ್ರಾಮಿಂಗ್ ಭಾಷೆ ವಿಬಿಎಯಿಂದ ಹೀಗೆ ಸೇರಲು ಹೋದವರಿಗೆ ಇದೇ ಸ್ಥಿತಿಯಲ್ಲಿ 429 ಅಂತ ಕಾಣುತ್ತದೆ.

ಎಕ್ಸೆಲ್ ಮಾತ್ರ ಕಣ್ಣೆದುರೇ ತೆರೆದಿತ್ತು. ಎಕ್ಸೆಲ್, ಸ್ಕ್ರಿಪ್ಟ್ ಎರಡೂ ಎಲಿವೇಟೆಡ್ ಅಲ್ಲ. ಹುಡುಗ ಬಂದು ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಸ್ಕ್ರಿಪ್ಟನ್ನು ಕೈಯಿಂದ ಓಡಿಸಿದರೆ ತಕ್ಷಣ ಕನೆಕ್ಟ್ ಆಗುತ್ತದೆ. ಅವನು ಎದ್ದು ಹೋದರೆ, ಮಾರನೇ ಬೆಳಿಗ್ಗೆ ಮತ್ತೆ ಅದೇ. ‘ನೀನು ಬಂದರೆ ಸರಿಯಾಗುತ್ತೆ, ನೀನು ಇಲ್ಲೇ ಕೂತ್ಕೋ’ ಅಂತ ಮೇಡಂ ತಮಾಷೆ ಮಾಡಿದರು.

ಆ ತಮಾಷೆಯಲ್ಲೇ ಉತ್ತರ ಇತ್ತು. ಆಫೀಸ್ ಪ್ರೋಗ್ರಾಂಗಳು ಶುರುವಾದ ಕ್ಷಣವೇ ಪಟ್ಟಿಯಲ್ಲಿ ಹೆಸರು ಬರೆಸುವುದಿಲ್ಲ. ಆ ಕಿಟಕಿಯಿಂದ ಫೋಕಸ್ (ಅಂದರೆ ಟೈಪ್ ಮಾಡಿದ್ದು ಹೋಗುವ ಜಾಗ) ಒಮ್ಮೆ ಬೇರೆ ಕಿಟಕಿಗೆ ಹೋದಾಗ ಬರೆಸುತ್ತವೆ. ಇದು ಬಗ್ ಅಲ್ಲ, ಮೈಕ್ರೋಸಾಫ್ಟ್ ದಾಖಲೆಗಳಲ್ಲೇ ಇರುವ ನಡವಳಿಕೆ. ಮೇಡಂ ಬೆಳಿಗ್ಗೆ ಎಕ್ಸೆಲ್ ತೆರೆದು ಅದರಲ್ಲೇ ಟೈಪ್ ಮಾಡುತ್ತ ಕೂತರೆ, ಬೇರೆ ಕಿಟಕಿ ಮುಟ್ಟುವವರೆಗೆ ಆ ಎಕ್ಸೆಲ್ ಪಟ್ಟಿಯಲ್ಲಿ ಇಲ್ಲ. ಹುಡುಗ ಪರೀಕ್ಷೆ ಮಾಡಲು ಕಪ್ಪು ಕಿಟಕಿ ತೆರೆದ ಕೂಡಲೇ ಫೋಕಸ್ ಬದಲಾಗುತ್ತದೆ, ಎಕ್ಸೆಲ್ ಹೆಸರು ಬರೆಸುತ್ತದೆ, ಪರೀಕ್ಷೆ ಪಾಸ್. ಪರೀಕ್ಷೆ ಮಾಡುವ ಕ್ರಿಯೆಯೇ ತೊಂದರೆಯನ್ನು ಓಡಿಸುತ್ತಿತ್ತು.

ಸ್ಕ್ರಿಪ್ಟೇ ಒಂದು ಕಿಟಕಿ ತೆರೆದು ಫೋಕಸ್ ಕಸಿದುಕೊಂಡರೆ ಸರಿಹೋಗುತ್ತದೆ. ತಾಂತ್ರಿಕವಾಗಿ ಅದು ಸರಿಯಾದ ಪರಿಹಾರವೇ, ಮೇಡಂ ಟೈಪ್ ಮಾಡುತ್ತಿರುವಾಗ ಮಾಡಬಾರದ ಕೆಲಸ ಅಷ್ಟೇ. ಆದ್ದರಿಂದ ಕಾಯುವುದು ಅಂತ ತೀರ್ಮಾನಿಸಿದೆವು. ಸಿಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡು. ಯಾವಾಗಲೋ ಒಮ್ಮೆ ಮೇಡಂ ಇಮೇಲ್ ನೋಡುತ್ತಾರೆ, ಆಗ ಸಿಗುತ್ತದೆ.

ಎಕ್ಸೆಲ್ ಸಿಕ್ಕಿತು, ನಮ್ಮದಲ್ಲ

ಇಷ್ಟಾದ ಮೇಲೆ ಕೆಲವು ದಿನ ಶಾಂತಿ. ಆಮೇಲೆ ಲಾಗ್‌ನಲ್ಲಿ ಹೊಸ ಸಾಲು: ಕನೆಕ್ಟ್ ಆಯಿತು, ತೆರೆದಿರುವ ವರ್ಕ್‌ಬುಕ್ ಸೊನ್ನೆ.

ಆ ಕಂಪ್ಯೂಟರ್‌ನಲ್ಲಿದ್ದ ಬೇರೊಂದು ಸಾಫ್ಟ್‌ವೇರ್‌ಗೆ ವರದಿಗಳನ್ನು ಎಕ್ಸೆಲ್‌ಗೆ ಕಳಿಸುವ ಬಟನ್ ಇತ್ತು. ಅದು ತನ್ನ ಕೆಲಸಕ್ಕೆ ಒಂದು ಕಾಣದ ಎಕ್ಸೆಲ್ ಎಬ್ಬಿಸಿ, ಮುಗಿದ ಮೇಲೆ ಬಿಡುಗಡೆ ಮಾಡದೆ ಹಾಗೇ ಇಟ್ಟುಕೊಳ್ಳುತ್ತಿತ್ತು. ಎರಡು ಎಕ್ಸೆಲ್ ಓಡುತ್ತಿದ್ದಾಗ ಗೆಟ್‌ಆಕ್ಟಿವ್‌ಆಬ್ಜೆಕ್ಟ್‌ಗೆ ‘ಈ ಎಕ್ಸೆಲ್ ಬೇಕು’ ಅಂತ ಹೇಳುವ ದಾರಿ ಇಲ್ಲ. ಎಲ್ಲ ಎಕ್ಸೆಲ್‌ಗಳೂ ಒಂದೇ ಗುರುತಿನಲ್ಲಿ ಹೆಸರು ಬರೆಸುತ್ತವೆ. ಒಂದೇ ಹೆಸರಿನವರು ಹಲವರಿರುವ ತರಗತಿಯಲ್ಲಿ ಹಾಜರಿ ಕರೆದಂತೆ, ಯಾರು ಮೊದಲು ‘ಬಂದಿದ್ದೇನೆ’ ಅಂದರೋ ಅವರೇ.

ಇಲ್ಲಿ ದಾರಿಗಳನ್ನು ಸ್ವಲ್ಪ ಹೊತ್ತು ತೂಗಿ ನೋಡಿದೆವು. ಎಕ್ಸೆಲ್ ಬದಲು ಫೈಲನ್ನೇ ಕೇಳಬಹುದು. ಸೇವ್ ಆಗಿರುವ ಪ್ರತಿ ವರ್ಕ್‌ಬುಕ್ ಕೂಡ ತನ್ನ ಪೂರ್ತಿ ವಿಳಾಸದ ಸಮೇತ ಅದೇ ಪಟ್ಟಿಯಲ್ಲಿ ಹೆಸರು ಬರೆಸುತ್ತದೆ. ಗೆಟ್‌ಆಬ್ಜೆಕ್ಟ್ ಎಂಬ ಇನ್ನೊಂದು ಫಂಕ್ಷನ್‌ಗೆ ಫೈಲ್ ವಿಳಾಸ ಕೊಟ್ಟರೆ, ಆ ಫೈಲ್ ಯಾವ ಎಕ್ಸೆಲ್‌ನಲ್ಲಿ ತೆರೆದಿದೆಯೋ ಅದನ್ನೇ ತಂದುಕೊಡುತ್ತದೆ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಫೈಲ್ ಎಲ್ಲೂ ತೆರೆದಿಲ್ಲದಿದ್ದರೆ ಗೆಟ್‌ಆಬ್ಜೆಕ್ಟ್ ತಾನೇ ತೆರೆಯುತ್ತದೆ, ಅದೂ ಸದ್ದಿಲ್ಲದೆ. ಅಂದರೆ ಸುತ್ತಿ ಬಳಸಿ ಮತ್ತೆ ಡಿಸ್ಪ್ಯಾಚ್‌ನ ಕಥೆಯೇ.

ಅದಕ್ಕೆ ಪಟ್ಟಿಯನ್ನು ನಾವೇ ಓದುವುದು ಅಂತಾಯಿತು. ಪೈವಿನ್32ರಲ್ಲಿ ಆ ಪಟ್ಟಿ ತೆರೆದು, ಒಂದೊಂದೇ ಹೆಸರು ಓದಿ, ನಮ್ಮ ಫೈಲ್ ಇದ್ದರೆ ಅದನ್ನು ಎತ್ತಿಕೊಳ್ಳಬಹುದು. ಇಲ್ಲದಿದ್ದರೆ ಸುಮ್ಮನೆ ವಾಪಸ್ ಬರಬಹುದು. ಸುಮಾರು ಹದಿನೈದು ಸಾಲಿನ ಕೋಡ್. ಹೆಸರು ಹೋಲಿಸುವುದೇ ಇಲ್ಲಿ ಕಿರಿಕಿರಿ. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಇರಬಹುದು. ಅದೇ ಫೈಲನ್ನು ಡ್ರೈವ್ ಅಕ್ಷರದಿಂದ ತೆರೆಯಬಹುದು, ಸರ್ವರ್ ಹೆಸರಿನಿಂದಲೂ ತೆರೆಯಬಹುದು. ಒನ್‌ಡ್ರೈವ್ ಫೋಲ್ಡರ್‌ನಲ್ಲಿದ್ದರೆ ಎಕ್ಸೆಲ್ ಹೇಳುವ ಪೂರ್ತಿ ಹೆಸರು ಡಿಸ್ಕ್‌ನ ವಿಳಾಸವಲ್ಲ, ವೆಬ್ ವಿಳಾಸ. ಪೂರ್ತಿ ವಿಳಾಸ ಹೋಲಿಸಿದರೆ ಸರಿಯಾದ ಫೈಲ್ ಕೈತಪ್ಪುತ್ತದೆ. ಬರೀ ಫೈಲ್ ಹೆಸರು ಹೋಲಿಸಿದರೆ, ಬೇರೆ ಫೋಲ್ಡರ್‌ನಲ್ಲಿರುವ ಹಳೆಯ ಬ್ಯಾಕಪ್‌ಗೆ ಬರೆದುಬಿಡಬಹುದು.

ಕೊನೆಗೆ ಹೀಗೆ ಮಾಡಿದೆವು. ಪಟ್ಟಿಯಲ್ಲಿ ಹುಡುಕುವುದು ಫೈಲ್ ಹೆಸರಿನಿಂದ. ಸಿಕ್ಕ ಮೇಲೆ ನಂಬುವುದು ವರ್ಕ್‌ಬುಕ್ ಒಳಗಿನ ಗುರುತಿನಿಂದ: ಒಂದು ಸೆಲ್‌ಗೆ ಹೆಸರು ಕೊಟ್ಟು, ಅದರಲ್ಲಿ ಒಂದು ಗುರುತು ಬರೆದಿಟ್ಟೆವು. ಜೊತೆಗೆ ಆ ಎಕ್ಸೆಲ್ ಪರದೆಯ ಮೇಲೆ ಕಾಣುತ್ತಿರಬೇಕು, ಫೈಲ್ ಓದಲು ಮಾತ್ರ ಇರಬಾರದು. ಬ್ಯಾಕಪ್‌ನಲ್ಲೂ ಅದೇ ಗುರುತು ಇರುತ್ತದಲ್ಲ ಅಂತ ಹುಡುಗ ಸರಿಯಾಗಿಯೇ ಕೇಳಿದ. ಅದಕ್ಕೆ ಒಂದಕ್ಕಿಂತ ಜಾಸ್ತಿ ಸಿಕ್ಕರೆ ಯಾವುದಕ್ಕೂ ಬರೆಯಬೇಡ, ಎರಡರ ಪೂರ್ತಿ ವಿಳಾಸ ಲಾಗ್‌ಗೆ ಹಾಕು ಅಂತ ಸೇರಿಸಿದೆವು. ಒಂದೇ ಸಿಕ್ಕು ಅದು ಬ್ಯಾಕಪ್ ಆಗಿದ್ದರೆ? ಬ್ಯಾಕಪ್ ಮಾಡುವಾಗ ಆ ಸೆಲ್ ಖಾಲಿ ಮಾಡುವುದು ಮೇಡಂ ಒಪ್ಪಿಕೊಂಡ ಕೆಲಸ. ಇದು ಕೋಡ್‌ನಿಂದ ಪೂರ್ತಿ ಮುಚ್ಚದ ತೂತು, ಗೊತ್ತಿದ್ದೇ ಬಿಟ್ಟದ್ದು.

ಎಕ್ಸೆಲ್ ಕೈಬಿಡುವಿಲ್ಲದೆ ಇದ್ದಾಗ

ಕೊನೆಯ ಗುಂಪಿನ ದೋಷ -2147418111. ಕರೆದವರ ಮಾತನ್ನು ಎಕ್ಸೆಲ್ ತಿರಸ್ಕರಿಸಿದೆ ಅಂತ ಅರ್ಥ. ಒಮ್ಮೊಮ್ಮೆ ಇದರ ಸೋದರ -2146777998 ಬರುತ್ತದೆ. ಒಂದು ಸೆಲ್ ಒಳಗೆ ಕರ್ಸರ್ ಮಿನುಗುತ್ತಿದ್ದರೆ, ಅಥವಾ ಸೇವ್ ಆ್ಯಸ್ ತರಹದ ಡಬ್ಬಿ ತೆರೆದಿದ್ದರೆ ಎಕ್ಸೆಲ್ ಹೊರಗಿನವರಿಗೆ ಕಿವಿ ಕೊಡುವುದಿಲ್ಲ.

ಇದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುವುದೇ ಮದ್ದು, ಸುಲಭ ಅಂತ ಕಾಣುತ್ತದೆ. ಆದರೆ ಹಳೆಯ ಕೋಡ್ ಒಂದೊಂದೇ ಸೆಲ್‌ಗೆ ಬರೆಯುತ್ತಿತ್ತು. ಮೇಡಂ ಮಧ್ಯದಲ್ಲಿ ಒಂದು ಸೆಲ್‌ಗೆ ಡಬಲ್ ಕ್ಲಿಕ್ ಮಾಡಿದರೆ ಮೇಲಿನ ಅರ್ಧ ಹೊಸ ಸಂಖ್ಯೆ, ಕೆಳಗಿನ ಅರ್ಧ ಹಳೆಯದು. ಫೋನ್ ಬಂದು ಅವರು ಸೆಲ್ ಹಾಗೇ ಬಿಟ್ಟು ಎದ್ದು ಹೋದರೆ ಆ ಅರ್ಧಂಬರ್ಧ ಸ್ಥಿತಿಯೇ ನಿಲ್ಲುತ್ತದೆ. ಅದಕ್ಕೆ ಇಡೀ ಕೋಷ್ಟಕವನ್ನು ಒಂದೇ ರೇಂಜ್‌ಗೆ ಒಂದೇ ಸಲ ಕೊಡುವಂತೆ ಬದಲಿಸಿದೆವು. ಹೋದರೆ ಪೂರ್ತಿ ಹೋಗುತ್ತದೆ, ಇಲ್ಲದಿದ್ದರೆ ಏನೂ ಹೋಗುವುದಿಲ್ಲ. ವೇಗವೂ ಬಂತು.

ಮತ್ತೆ ಪ್ರಯತ್ನಿಸುವುದಕ್ಕೂ ಒಂದು ಕಟ್ಟು ಹಾಕಿದೆವು. ಈ ಎರಡು ನಂಬರ್ ಬಂದರೆ ಮಾತ್ರ ಕಾದು ಮತ್ತೆ ಬರೆ. ಬೇರೆ ಯಾವ ದೋಷ ಬಂದರೂ ನಿಲ್ಲು. ‘ಏನೇ ಬಂದರೂ ಹತ್ತು ಸಲ ಪ್ರಯತ್ನಿಸು’ ಅನ್ನುವ ಕೋಡ್ ನನಗೆ ಹಿಡಿಸುವುದಿಲ್ಲ. ಅದು ದೋಷ ಸರಿ ಮಾಡುವುದಿಲ್ಲ, ದೋಷ ಕಾಣುವುದನ್ನು ತಡ ಮಾಡುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಾಗ ಮೇಡಂ ಕಡೆಯಿಂದ ದೂರು ಬಂತು. ‘ಕಂಟ್ರೋಲ್ ಝಡ್ ಕೆಲಸ ಮಾಡ್ತಿಲ್ಲ.’ ನಿಜ. ಹೊರಗಿನ ಪ್ರೋಗ್ರಾಂ ಹೀಗೆ ಶೀಟ್‌ಗೆ ಬರೆದರೆ ಬಳಕೆದಾರರ ಅನ್‌ಡೂ ಇತಿಹಾಸ ಅಳಿಸಿಹೋಗುತ್ತದೆ. ಕಾಪಿ ಮಾಡಿದ ಸೆಲ್‌ಗಳ ಸುತ್ತ ಓಡುವ ಚುಕ್ಕೆ ಗೆರೆಯೂ ಹೋಗುತ್ತದೆ, ಪೇಸ್ಟ್ ಮಾಡಲು ಹೋದರೆ ಏನೂ ಇರುವುದಿಲ್ಲ. ಮೊದಲು ಇದು ಆಗಿರಲಿಲ್ಲ, ಏಕೆಂದರೆ ಮೊದಲು ಸ್ಕ್ರಿಪ್ಟ್ ಅವರ ಶೀಟ್‌ಗೆ ಬರೆಯುತ್ತಲೇ ಇರಲಿಲ್ಲವಲ್ಲ!

ಪೂರ್ತಿ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಓದಿದರೆ ಅನ್‌ಡೂ ಹೋಗುವುದಿಲ್ಲ. ಹಾಗಾಗಿ ಮೊದಲು ಶೀಟ್‌ನಲ್ಲಿ ಇರುವುದನ್ನು ಓದಿ, ಹೊಸದಕ್ಕೆ ಹೋಲಿಸಿ, ವ್ಯತ್ಯಾಸ ಇದ್ದರೆ ಮಾತ್ರ ಬರೆಯುವಂತೆ ಮಾಡಿದೆವು. ಆದರೂ ಪ್ರತಿ ಸುತ್ತಿನಲ್ಲಿ ಬರೆಯುತ್ತಲೇ ಇತ್ತು. ಕಾರಣ ಐಟಂ ಕೋಡ್. ಡೇಟಾಬೇಸ್‌ನಲ್ಲಿ 0045 ಅಂತ ಇರುವುದು ಶೀಟ್‌ಗೆ ಹೋದರೆ 45 ಎಂಬ ಸಂಖ್ಯೆಯಾಗುತ್ತಿತ್ತು. ಹೋಲಿಸಿದಾಗಲೆಲ್ಲ ಬೇರೆ ಅಂತ ಬರುತ್ತಿತ್ತು. ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿ, ಓದುವಾಗ ವ್ಯಾಲ್ಯೂ ಬದಲು ವ್ಯಾಲ್ಯೂ2 ಬಳಸಿದೆವು. ದಿನಾಂಕ, ಹಣದ ಫಾರ್ಮ್ಯಾಟ್ ಇರುವ ಸೆಲ್‌ಗಳಿಂದಲೂ ಅದು ಬರೀ ಸಂಖ್ಯೆ ಕೊಡುತ್ತದೆ. ಆಮೇಲೆ ಸ್ಟಾಕ್ ನಿಜವಾಗಿ ಬದಲಾದಾಗ ಮಾತ್ರ ಬರೆಯತೊಡಗಿತು.

ಈಗಿನ ಸ್ಥಿತಿ

ಸ್ಕ್ರಿಪ್ಟ್ ಈಗ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಕೇಳುತ್ತದೆ, ಲಾಗ್‌ನಲ್ಲೂ ಬೇರೆ ಬೇರೆ ಬರೆಯುತ್ತದೆ. ಎಕ್ಸೆಲ್ ನನಗೆ ಕಾಣುತ್ತಿದೆಯೇ? ಅದರಲ್ಲಿರುವುದು ನನ್ನ ಫೈಲೇ? ಅದು ಈಗ ಕೇಳುವ ಸ್ಥಿತಿಯಲ್ಲಿದೆಯೇ? ಮೊದಲು ಇವೆಲ್ಲ ‘ಕನೆಕ್ಟ್’ ಅನ್ನುವ ಒಂದೇ ಸಾಲಿನಲ್ಲಿ ಅಡಗಿದ್ದವು. ಒಂದೊಂದಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಅಧಿಕಾರ ಸರಿ ಮಾಡಬೇಕು, ಫೋಕಸ್‌ಗೆ ಕಾಯಬೇಕು. ಎರಡನೆಯದಕ್ಕೆ ಗುರುತು ಬೇಕು. ಮೂರನೆಯದಕ್ಕೆ ತಾಳ್ಮೆ ಸಾಕು. ಯಾವುದಕ್ಕೂ ಹೊಸ ಎಕ್ಸೆಲ್ ಬೇಕಿಲ್ಲ. ಬರೆದಾದ ಮೇಲೆ ಒಂದು ಸೆಲ್‌ನಲ್ಲಿ ಸಮಯ ಹಾಕುತ್ತದೆ. ಮೇಡಂ ನೋಡುವುದು ಅದನ್ನೇ. ಲಾಗ್ ಅವರು ಯಾವತ್ತೂ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ.

ಇಷ್ಟೆಲ್ಲ ಏಕೆ, ಸಂಖ್ಯೆಗಳನ್ನು ಬೇರೆ ಫೈಲ್‌ಗೆ ಬರೆದು ಎಕ್ಸೆಲ್‌ನಲ್ಲೇ ಇರುವ, ಹೊರಗಿನ ಮಾಹಿತಿ ತರುವ ಪವರ್ ಕ್ವೆರಿಯಿಂದ ಎಳೆದುಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಹೊಸದಾಗಿ ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿ ಅಡ್ಡ ಬಂದದ್ದು ಮೇಡಂ ಟಿಪ್ಪಣಿ. ಕ್ವೆರಿ ರಿಫ್ರೆಶ್ ಆದಾಗ ಸಾಲುಗಳು ಮೇಲೆ ಕೆಳಗೆ ಸರಿಯಬಹುದು, ಪಕ್ಕದಲ್ಲಿ ಕೈಯಿಂದ ಬರೆದದ್ದು ಅದರ ಜೊತೆ ಸರಿಯುವ ಖಾತ್ರಿ ಇಲ್ಲ. ಟಿಪ್ಪಣಿಗಳನ್ನು ಬೇರೆ ಶೀಟ್‌ಗೆ ಸರಿಸೋಣ ಅಂದಾಗ ಅವರು ಒಪ್ಪಲಿಲ್ಲ. ಅವರ ಕೆಲಸ, ಅವರ ಶೀಟ್.

ಉಳಿದಿರುವುದು ಒಂದು. ಇಮೇಲ್‌ನಿಂದ ಬಂದ ಪ್ರತಿ ತೆರೆದರೆ ಅದು ಪ್ರೊಟೆಕ್ಟೆಡ್ ವ್ಯೂನಲ್ಲಿ (ಸುರಕ್ಷತೆಗಾಗಿ ಓದಲು ಮಾತ್ರ ಬಿಡುವ ಸ್ಥಿತಿ) ತೆರೆಯುತ್ತದೆ, ಎಕ್ಸೆಲ್‌ನ ವರ್ಕ್‌ಬುಕ್ ಪಟ್ಟಿಗೇ ಬರುವುದಿಲ್ಲ. ಎಡಿಟಿಂಗ್ ಅನುಮತಿ ಕೊಡುವವರೆಗೆ ಸ್ಕ್ರಿಪ್ಟ್ ಕಾಯುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇವೆ. ಇನ್ನೊಂದು ವಿಭಾಗದವರು ನಮಗೂ ಇದೇ ಸ್ಕ್ರಿಪ್ಟ್ ಕೊಡಿ ಅಂತ ಬಂದಿದ್ದರು. ಅವರು ಫೈಲ್ ತೆರೆಯುವುದು ಬ್ರೌಸರ್‌ನಲ್ಲಿ. ಅಲ್ಲಿ ಸೇರಿಕೊಳ್ಳಲು ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಪ್ರೋಸೆಸ್ಸೇ ಇಲ್ಲ. ಅವರಿಗೆ ಈ ಸ್ಕ್ರಿಪ್ಟ್ ಕೊಡಲಿಲ್ಲ, ಪವರ್ ಕ್ವೆರಿ ತೋರಿಸಿ, ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ತೆರೆದು ರಿಫ್ರೆಶ್ ಮಾಡಿ ಅಂತ ಹೇಳಿ ಕಳಿಸಿದೆವು.